ಹುಣಸೆ ಕಣಿವೆಯ ಎಡಗೈ

ಬ್ಯಾಂಕಾಕಿನಿಂದ ಸರಬುರಿಯವರೆಗೆ ರಸ್ತೆ ತುಂಬ ಲಾರಿ, ಬಸ್ಸು, ಸರಕಿನ ಟ್ರೇಲರುಗಳದೇ ರಾಜ್ಯ. ಸರಬುರಿ ದಾಟಿದ ಮೇಲೆ ಆ ಗದ್ದಲದ ಬಹುಭಾಗ ಕೋರಾಟಿನ ಕಡೆಗೆ ಹೊರಳಿಕೊಳ್ಳುತ್ತದೆ. 21ನೇ ಹೆದ್ದಾರಿ ಮಾತ್ರ ಪಾ ಸಕ್ ನದಿಯ ನಂಟು ಬಿಡದೆ ಉತ್ತರಕ್ಕೆ ಹೊರಡುತ್ತದೆ. ಕಬ್ಬು, ಮುಸುಕಿನ ಜೋಳ, ಮತ್ತೆ ಕಬ್ಬು. ಎರಡೂ ಬದಿಯಲ್ಲಿ ದೂರದಿಂದ ಬೆಟ್ಟಸಾಲುಗಳು ಹತ್ತಿರ ಬರುತ್ತ ಬರುತ್ತ ಒಂದು ಉದ್ದನೆಯ ಕಣಿವೆಯಾಗುತ್ತವೆ. ಅದೇ ಪೆಚ್ಚಬೂನ್ ಪ್ರಾಂತ್ಯ. ಕಡಲು ಹುಡುಕಿ ಫುಕೆಟ್‌ಗೆ, ಗುಡಿ ಹುಡುಕಿ ಚಿಯಾಂಗ್ ಮಾಯ್‌ಗೆ ಹೋಗುವ ಪ್ರವಾಸಿಗರು ಇತ್ತ ತಲೆ ಹಾಕುವುದು ಕಡಿಮೆ. ನಾನು ಬಂದದ್ದು ಒಬ್ಬ ಮನುಷ್ಯನ ಊರು ನೋಡಲು.

ಆ ಮನುಷ್ಯ ಖಾವೋಸಾಯ್ ಗ್ಯಾಲಕ್ಸಿ. ಹುಟ್ಟುಹೆಸರು ಸುರಾ ಸೇನ್‌ಖಾಮ್. ಜನನ 1959ರ ಮೇ 15. 115 ಪೌಂಡ್, ಅಂದರೆ ಸುಮಾರು 52 ಕಿಲೋ ತೂಕದ ವಿಭಾಗದಲ್ಲಿ ವಿಶ್ವ ಬಾಕ್ಸಿಂಗ್ ಸಂಸ್ಥೆಯ ಪಟ್ಟವನ್ನು 1984ರಲ್ಲಿ ಗೆದ್ದು, 1991ರಲ್ಲಿ ತಾವಾಗಿಯೇ ಕೆಳಗಿಳಿಯುವವರೆಗೂ ಅದನ್ನು ಯಾರಿಗೂ ಬಿಟ್ಟುಕೊಡದ ವೀರ. ಆ ಏಳು ವರ್ಷಗಳಲ್ಲಿ 19 ಸಲ ಪಟ್ಟ ಉಳಿಸಿಕೊಂಡರು. ಅದರಲ್ಲಿ 16 ಸಲ ಎದುರಾಳಿ ಕೊನೆಯ ಗಂಟೆ ಬಾರಿಸುವವರೆಗೆ ನಿಲ್ಲಲಿಲ್ಲ. ಪಾಶ್ಚಾತ್ಯ ಬಾಕ್ಸಿಂಗ್‌ಗೆ ಬಂದ ಮೇಲೆ ಇಡೀ ವೃತ್ತಿಜೀವನದಲ್ಲಿ ಸೋತದ್ದು ಒಂದೇ ಒಂದು ಪಂದ್ಯ. ಇಷ್ಟೆಲ್ಲ ಮಾಡಿದವರು ಅಮೆರಿಕದಲ್ಲಿ ಒಂದು ಪಟ್ಟದ ಪಂದ್ಯವನ್ನೂ ಆಡಲಿಲ್ಲ ಎಂಬುದು ನನ್ನನ್ನು ಈ ದಾರಿಗೆ ಎಳೆದು ತಂದಿತು. ಲಾಸ್ ವೇಗಸ್ಸಿನ ದೀಪಗಳ ಹಂಗಿಲ್ಲದೆ ಒಬ್ಬ ಬಾಕ್ಸರ್ ಇಷ್ಟು ಎತ್ತರಕ್ಕೆ ಬೆಳೆದದ್ದು ಯಾವ ಮಣ್ಣಿನಲ್ಲಿ?

ಕಣಿವೆಯ ತೆಂಕಣ ಬಾಗಿಲಲ್ಲೇ ಸಿ ಥೆಪ್ ಸಿಗುತ್ತದೆ. ಸಾವಿರ ವರ್ಷಕ್ಕೂ ಹಿಂದೆ, ದ್ವಾರಾವತಿ ಸಂಸ್ಕೃತಿಯ ಕಾಲದಲ್ಲಿ ಮೆರೆದ ಪಟ್ಟಣವಿದು. ಸುತ್ತ ಕಂದಕ, ಒಳಗೆ ಕೆರೆಗಳು, ಮಳೆಮರಗಳ ನೆರಳು, ಅಲ್ಲಲ್ಲಿ ಇಟ್ಟಿಗೆಯ ಗೋಪುರಗಳು. ಸೂರ್ಯನ ಮೂರ್ತಿಗಳು ಸಿಕ್ಕಿದ ಜಾಗ. ಇಲ್ಲಿ ದೊರೆತ ಗೋವರ್ಧನಧಾರಿ ಕೃಷ್ಣ ಈಗ ಬ್ಯಾಂಕಾಕಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿದ್ದಾನೆ. ಅದೇ ಕಥೆಯನ್ನು ಹಳೇಬೀಡಿನ ಗೋಡೆಯ ಮೇಲೆ ನೋಡಿ ಬೆಳೆದ ಕಣ್ಣಿಗೆ ಆ ಸುದ್ದಿಯೇ ರೋಮಾಂಚನ. ಖಾವೋ ಕ್ಲಾಂಗ್ ನಾಯ್ ಎಂಬ ಕಟ್ಟಡದ ಬುಡದಲ್ಲಿ ಗಾರೆಯ ಕುಳ್ಳರು ಸಾಲಾಗಿ ಕೂತು ಇಡೀ ಜಗಲಿಯನ್ನು ಹೊತ್ತಿದ್ದಾರೆ. ಬಾದಾಮಿಯ ಗುಹೆಗಳ ಅಧಿಷ್ಠಾನದಲ್ಲಿ ಕುಣಿಯುವ ಗಣಗಳನ್ನು ಕಂಡವರು ಇವರನ್ನು ಕಂಡೊಡನೆ ನಗುತ್ತಾರೆ. ಇಷ್ಟು ದೊಡ್ಡ ಊರನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು 2023ರಲ್ಲಿ. ಅಲ್ಲಿಯವರೆಗೆ ಹೊರಗಿನ ಪ್ರವಾಸಿಗರಲ್ಲಿ ಇದನ್ನು ಬಲ್ಲವರು ಕಡಿಮೆ.

ನಮ್ಮ ಬಾಕ್ಸರ್ ಹುಡುಗನಾಗಿ, ಮುಷ್ಟಿಯ ಜೊತೆ ಒದೆತವೂ ನಡೆಯುವ ಥಾಯ್ ಬಾಕ್ಸಿಂಗ್ ಆದ ಮುವಾಯ್ ಥಾಯ್‌ನ ಅಖಾಡಕ್ಕಿಳಿದಾಗ ಇಟ್ಟುಕೊಂಡ ಹೆಸರು ‘ದಾವೊದೆನ್ ಮುವಾಂಗ್ ಸಿ ಥೆಪ್’. ಸಿ ಥೆಪ್ ಪಟ್ಟಣದ ಮಿನುಗುವ ತಾರೆ ಎಂದರ್ಥ. ಪಾಳುಬಿದ್ದ ರಾಜಧಾನಿಯೊಂದರ ಹೆಸರನ್ನು ಹಳ್ಳಿ ಹುಡುಗನೊಬ್ಬ ತನ್ನ ಸೊಂಟಪಟ್ಟಿಗಿಂತ ಮೊದಲೇ ಧರಿಸಿದ್ದ. ಇಲ್ಲಿನ ಗೋಪುರಗಳಲ್ಲಿ ಒಂದಕ್ಕೆ ಪ್ರಾಂಗ್ ಸಾಂಗ್ ಫಿ ನಾಂಗ್ ಎಂದು ಹೆಸರು: ಒಡಹುಟ್ಟಿದವರಿಬ್ಬರ ಗೋಪುರ. ಒಂದೇ ಜಗಲಿಯ ಮೇಲೆ ದೊಡ್ಡದೊಂದು, ಚಿಕ್ಕದೊಂದು. ಅದರ ಮುಂದೆ ನಿಂತಾಗ ನನಗೆ ಖಾವೋಸಾಯ್ ಒಬ್ಬರೇ ನೆನಪಾಗಲಿಲ್ಲ. ಅವರ ಜೊತೆ ಹುಟ್ಟಿದ ಇನ್ನೊಬ್ಬರಿದ್ದಾರೆ. ಅವರ ಕಥೆ ಮುಂದೆ ಬರುತ್ತದೆ.

ಮಧ್ಯಾಹ್ನದ ಊಟಕ್ಕೆ ವಿಚಿಯನ್ ಬುರಿ. ಈ ಊರಿನ ಕೆಂಡದ ಕೋಳಿಗೆ ಥಾಯ್ಲೆಂಡಿನಾದ್ಯಂತ ಹೆಸರು. ರಸ್ತೆಯುದ್ದಕ್ಕೂ ಬಿದಿರ ಸೀಳಿಗೆ ಸಿಕ್ಕಿಸಿದ ಕೋಳಿ, ಹೊಗೆ, ಅಂಟನ್ನ, ಹುಳಿಖಾರದ ಗೊಜ್ಜು. ಕಾರಿನ ಚಾಲಕರು ನಡುವಯಸ್ಸು ದಾಟಿದವರು. ಖಾವೋಸಾಯ್ ಹೆಸರೆತ್ತಿದ್ದೇ ತಡ, ಊಟ ಬಿಟ್ಟು ಎದ್ದು ನಿಂತರು. ಬಲಗಾಲು ಮುಂದೆ, ಗಲ್ಲ ಭುಜದ ಮರೆಗೆ. ಎಡಗೈಯನ್ನು ಪಕ್ಕೆಯಿಂದ ಹೊರಡಿಸಿ ಗಾಳಿಯಲ್ಲಿ ಯಾರದೋ ಹೊಟ್ಟೆಗೆ ಇಳಿಸಿದರು. ಪಕ್ಕದ ಮೇಜಿನವರೂ ತಲೆಯಾಡಿಸಿದರು. ಆ ಪೆಟ್ಟಿಗೆ ಈ ದೇಶದಲ್ಲಿ ಪ್ರತ್ಯೇಕ ಹೆಸರಿದೆ: ಕರುಳು ಕೊರೆಯುವ ಎಡಗೈ.

ಆ ಎಡಗೈ ಕೆಲಸ ಮಾಡುತ್ತಿದ್ದ ಬಗೆ ಅಂಗರಚನೆಯ ಒಂದು ಪಾಠ. ಹೆಚ್ಚಿನ ಬಾಕ್ಸರುಗಳು ಎಡಗಾಲು ಮುಂದಿಟ್ಟು ನಿಲ್ಲುತ್ತಾರೆ. ಎಡಚರಾದ ಖಾವೋಸಾಯ್ ಬಲಗಾಲು ಮುಂದಿಟ್ಟು ಎದುರು ನಿಂತರೆ, ಎದುರಾಳಿಯ ದೇಹದ ಬಲಭಾಗ ಅವರ ಎಡ ಮುಷ್ಟಿಗೆ ತೆರೆದ ಬಾಗಿಲಾಗುತ್ತಿತ್ತು. ಪಿತ್ತಜನಕಾಂಗ ಇರುವುದು ಅಲ್ಲೇ, ಬಲ ಪಕ್ಕೆಲುಬಿನ ಕೆಳಗೆ. ಗಲ್ಲಕ್ಕೆ ಬಿದ್ದ ಏಟು ಎಚ್ಚರ ತಪ್ಪಿಸುತ್ತದೆ. ಅಲ್ಲಿಗೆ ಬಿದ್ದ ಏಟು ಎಚ್ಚರವನ್ನು ಉಳಿಸಿಯೇ ಕಾಲಿನ ಬಲವನ್ನು ಕಿತ್ತುಕೊಳ್ಳುತ್ತದೆ: ಏಳಬೇಕೆಂದು ಮನಸ್ಸು ಕೂಗುತ್ತಿರುತ್ತದೆ, ದೇಹ ಕೇಳುವುದಿಲ್ಲ. ಹಳೆಯ ದೃಶ್ಯಗಳನ್ನು ನೋಡಿ. ಅವರು ಓಡುವುದಿಲ್ಲ, ಕುಣಿಯುವುದಿಲ್ಲ. ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಮುಂದಕ್ಕೇ ನಡೆಯುತ್ತಾರೆ. ಎದುರಾಳಿಗೆ ಹಿಂದೆ ಹಗ್ಗ, ಮುಂದೆ ಆ ಎಡಗೈ. ಥಾಯ್ ಟೈಸನ್ ಎಂಬ ಬಿರುದು ಸುಮ್ಮನೆ ಬಂದದ್ದಲ್ಲ.

ನೊಂಗ್ ಫಾಯ್ ದಾಟಿ ಪೆಚ್ಚಬೂನ್ ಪಟ್ಟಣದ ಕಡೆಗೆ ಹೋಗುವಾಗ ಒಂದು ಹಳ್ಳಿಯ ಬೌದ್ಧ ವಿಹಾರದಲ್ಲಿ ಜಾತ್ರೆ ನಡೆದಿತ್ತು. ತೊಟ್ಟಿಲು, ಮಿಠಾಯಿ, ಹರಕೆಯ ಹೂ. ಒಂದು ಮೂಲೆಯಲ್ಲಿ ಹಗ್ಗ ಕಟ್ಟಿದ ಅಖಾಡ. ಥಾಯ್ಲೆಂಡಿನ ಬಾಕ್ಸರುಗಳಲ್ಲಿ ಹೆಚ್ಚಿನವರ ಮೊದಲ ಶಾಲೆ ಇಂಥ ಜಾತ್ರೆಯೇ. ಇಬ್ಬರು ಹುಡುಗರು ತಲೆಗೆ ಮೊಂಗ್‌ಕೋನ್ ಎಂಬ ಪವಿತ್ರ ಪಟ್ಟಿ, ತೋಳಿಗೆ ದಾರ ಕಟ್ಟಿಕೊಂಡು ಹಗ್ಗದೊಳಗೆ ಬಂದರು. ಮಂಡಿಯೂರಿ, ಮೂರು ಸಲ ನೆಲಕ್ಕೆ ಹಣೆ ಹಚ್ಚಿ, ಗುರುವಂದನೆಯ ನೃತ್ಯ ಮಾಡಿದರು. ಶಹನಾಯಿಯನ್ನು ಹೋಲುವ ಪಿ ಜವಾ, ಜೋಡಿ ಮದ್ದಳೆ, ಪುಟ್ಟ ತಾಳ. ಸುತ್ತು ಏರಿದಂತೆ ವಾದ್ಯದ ಓಟವೂ ಏರುತ್ತದೆ. ಕೊನೆಗೆ ಹೊಡೆತಕ್ಕೆ ತಾಳವೋ ತಾಳಕ್ಕೆ ಹೊಡೆತವೋ ತಿಳಿಯದಷ್ಟು ಎರಡೂ ಒಂದಾಗುತ್ತವೆ. ಅದನ್ನು ನೋಡುತ್ತ ಮೈಮರೆತೆ ನಿಜ. ಆದರೆ 2018ರಲ್ಲಿ ಇದೇ ದೇಶದಲ್ಲಿ 13 ವರ್ಷದ ಬಾಲಕನೊಬ್ಬ ಅಖಾಡದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡದ್ದು ಮರೆಯುವಂಥದಲ್ಲ. ಮಕ್ಕಳ ತಲೆಗೆ ಪೆಟ್ಟು ಬೀಳಬಾರದೆಂದು ಅಲ್ಲಿನ ವೈದ್ಯರು ಹೇಳುತ್ತ ಬಂದಿದ್ದಾರೆ, ಆ ಮಾತು ಸರಿ. ಈ ಕಲೆಯನ್ನು ಪ್ರೀತಿಸುವವರೇ ಅದನ್ನು ಮೊದಲು ಕೇಳಬೇಕು.

ಖಾವೋಸಾಯ್ ಕೂಡ ಮುವಾಯ್ ಥಾಯ್‌ನಿಂದಲೇ ಬಂದವರು. ಒದೆತಕ್ಕಿಂತ ಮುಷ್ಟಿಯೇ ಅವರ ಆಸ್ತಿ ಎಂದು ಸ್ಪಷ್ಟವಾದ ಮೇಲೆ 1980ರಲ್ಲಿ ಪಾಶ್ಚಾತ್ಯ ಬಾಕ್ಸಿಂಗ್‌ಗೆ ತಿರುಗಿದರು. ಥಾಯ್ ಬಾಕ್ಸರುಗಳು ತಮ್ಮ ಗರಡಿಯ ಅಥವಾ ಪೋಷಕರ ಹೆಸರನ್ನೇ ಮನೆತನದ ಹೆಸರಿನಂತೆ ಇಟ್ಟುಕೊಳ್ಳುತ್ತಾರೆ. ‘ಗ್ಯಾಲಕ್ಸಿ’ ಬಂದದ್ದು ಹಾಗೆ. 1981ರಲ್ಲಿ ದೇಶದ ಬ್ಯಾಂಟಮ್‌ವೇಟ್ ಪಟ್ಟಕ್ಕಾಗಿ ಸಕ್ದಾ ಸಕ್ಸುರಿ ಎದುರು ಪಾಯಿಂಟುಗಳಲ್ಲಿ ಸೋತರು. ಅದೇ ಮೊದಲ ಸೋಲು, ಅದೇ ಕೊನೆಯದು. 1984ರ ನವೆಂಬರ್ 21ರಂದು ಬ್ಯಾಂಕಾಕಿನಲ್ಲಿ, ತೆರವಾಗಿದ್ದ ವಿಶ್ವಪಟ್ಟಕ್ಕೆ ಡೊಮಿನಿಕನ್ ಗಣರಾಜ್ಯದ ಯುಸೇಬಿಯೊ ಎಸ್ಪಿನಾಲ್ ಎದುರು ನಿಂತು ಆರನೇ ಸುತ್ತಿನಲ್ಲಿ ಕೆಡವಿದರು. ಆಮೇಲೆ ಕೆರಿಬಿಯನ್ ಕಡಲಿನ ಕುರಸಾವೊ ದ್ವೀಪಕ್ಕೆ ಹೋಗಿ ಇಸ್ರೇಲ್ ಕಾಂಟ್ರೆರಾಸ್‌ರನ್ನು, 1987ರಲ್ಲಿ ಜಕಾರ್ತಕ್ಕೆ ಹೋಗಿ ಅಲ್ಲಿನ ಜನರ ಕಣ್ಮಣಿ ಎಲ್ಯಾಸ್ ಪಿಕಾಲ್‌ರನ್ನು ಸೋಲಿಸಿದರು. ಪಿಕಾಲ್ 14ನೇ ಸುತ್ತಿನವರೆಗೆ ಎದೆಗೊಟ್ಟು ನಿಂತರು ಎಂಬುದು ಅವರ ಹೆಗ್ಗಳಿಕೆ.

ಇನ್ನು ಜೊತೆಯಲ್ಲಿ ಹುಟ್ಟಿದವರ ಮಾತು. ಅವಳಿ ಸೋದರ ಖಾವೋಕೊ, ಈ ಕಣಿವೆಯ ಪಡುವಣ ಬೆಟ್ಟದ ಹೆಸರಿನವರು. 1988ರ ಮೇ 9ರಂದು ಪೋರ್ಟೊ ರಿಕೊದ ವಿಲ್ಫ್ರೆಡೊ ವಾಸ್ಕೆಜ್‌ರನ್ನು ಸೋಲಿಸಿ ಬ್ಯಾಂಟಮ್‌ವೇಟ್ ವಿಶ್ವಪಟ್ಟ ಗೆದ್ದರು. ಅಂದಿನಿಂದ ಕೆಲವು ತಿಂಗಳು ಒಂದೇ ಬಸಿರಿನ ಇಬ್ಬರು ಮಕ್ಕಳು ಒಟ್ಟಿಗೆ ವಿಶ್ವ ಚಾಂಪಿಯನ್ನರು. ಬಾಕ್ಸಿಂಗ್ ಇತಿಹಾಸದಲ್ಲಿ ಅವಳಿಗಳಿಬ್ಬರೂ ವಿಶ್ವಪಟ್ಟವೇರಿದ್ದು ಅದೇ ಮೊದಲು. ಕೊರಿಯಾದ ಮೂನ್ ಸುಂಗ್ ಕಿಲ್‌ಗೆ ಆ ಪಟ್ಟ ಸೋತು, ಮರುವರ್ಷ ಅವರಿಂದಲೇ ಮರಳಿ ಪಡೆದ ಖಾವೋಕೊ, 1989ರ ಅಕ್ಟೋಬರ್ 18ರಂದು ಲೂಯಿಸಿಟೊ ಎಸ್ಪಿನೋಸಾ ಎದುರು ಮೊದಲ ಸುತ್ತಿನಲ್ಲೇ ಕುಸಿದುಬಿದ್ದರು. ಪಟ್ಟ ಹೋಯಿತು. ಅದೇ ತಿಂಗಳ 31ರಂದು ಖಾವೋಸಾಯ್ ಜಪಾನಿನ ಕೋಬೆಯಲ್ಲಿ ಕೆಂಜಿ ಮತ್ಸುಮುರಾ ಎದುರು ಅಖಾಡಕ್ಕಿಳಿಯಬೇಕಿತ್ತು. ಇಳಿದರು, 12ನೇ ಸುತ್ತಿನಲ್ಲಿ ಗೆದ್ದರು. ಒಡಹುಟ್ಟಿದವನು ಬಿದ್ದದ್ದನ್ನು ಕಂಡು ಎರಡು ವಾರವೂ ಕಳೆದಿರಲಿಲ್ಲ. ಪೆಟ್ಟಿನ ಬಲ ಒಂದು ಮಾತು. ಆ ಸಂಜೆ ಹಗ್ಗ ದಾಟಿ ಒಳಗೆ ಕಾಲಿಡಲು ಬೇಕಾದ ಬಲ ಇನ್ನೊಂದು ಮಾತು. ನನ್ನ ಮಟ್ಟಿಗೆ ಅವರ ವೃತ್ತಿಜೀವನದ ನೆತ್ತಿ ಅದೇ.

ಪೆಚ್ಚಬೂನ್ ಪಟ್ಟಣ ತಲುಪಿದಾಗ ಮಾರುಕಟ್ಟೆಯ ತುಂಬ ಹುಣಸೆ. ಚಳಿಗಾಲ ಅದರ ಸುಗ್ಗಿ. ಇಲ್ಲಿನ ಹುಣಸೆಹಣ್ಣು ಸಿಹಿ. ಸಾರಿಗೆ ಹುಳಿ ಹಿಂಡಲು ಮಾತ್ರ ಹುಣಸೆಯನ್ನು ಬಲ್ಲ ನಾಲಿಗೆಗೆ ಮೊದಲ ತುಂಡಿನಲ್ಲಿ ನಂಬಿಕೆಯೇ ಬರುವುದಿಲ್ಲ. ಬೆಲ್ಲದ ಪಾಕದಲ್ಲಿ ಅದ್ದಿ ಒಣಗಿಸಿದಂತಿದೆ. ಈ ಶಾಂತ ಊರು ದೇಶದ ರಾಜಧಾನಿಯಾಗುವುದರಲ್ಲಿತ್ತು. ಎರಡನೇ ಮಹಾಯುದ್ಧದ ನಡುವೆ ಪ್ರಧಾನಿ ಫಿಬುನ್ ಬ್ಯಾಂಕಾಕನ್ನು ಬಿಟ್ಟು ಬೆಟ್ಟಗಳ ರಕ್ಷಣೆಯಿರುವ ಇಲ್ಲಿಗೆ ಸರ್ಕಾರವನ್ನು ತರಲು ಹೊರಟಿದ್ದರು. ಮಲೇರಿಯಾ ಜನರನ್ನು ಕೊಂದಿತು, 1944ರಲ್ಲಿ ಸಂಸತ್ತು ಒಪ್ಪಲಿಲ್ಲ, ಯೋಜನೆ ಬಿತ್ತು. ದೇಶದ ಕೇಂದ್ರ ಇಲ್ಲಿಗೆ ಬರಲಿಲ್ಲ. ಆದರೆ 1990ರ ಡಿಸೆಂಬರಿನಲ್ಲಿ ವಿಶ್ವಪಟ್ಟದ ಪಂದ್ಯವೊಂದು ಬಂತು. ಖಾವೋಸಾಯ್ ಅರ್ನೆಸ್ಟೊ ಫೋರ್ಡ್‌ರನ್ನು ಆರನೇ ಸುತ್ತಿನಲ್ಲಿ ಮಲಗಿಸಿದ್ದು ಈ ಪೆಚ್ಚಬೂನಿನಲ್ಲೇ, ತಮ್ಮವರ ಕಣ್ಣೆದುರಿಗೆ. ಸುರಿನ್, ಚಿಯಾಂಗ್ ಮಾಯ್, ಸುಫನ್ ಬುರಿ, ಸಮುತ್ ಸೊಂಗ್‌ಖ್ರಾಮ್ ಎಂದು ಪಟ್ಟವನ್ನು ಊರೂರಿಗೆ ಹೊತ್ತು ನಡೆದವರು ಅವರು. ಟಿಕೆಟ್ ಕೊಂಡು ಬ್ಯಾಂಕಾಕಿಗೆ ಹೋಗಲಾರದ ರೈತನೂ ವಿಶ್ವ ಚಾಂಪಿಯನ್ನನನ್ನು ತನ್ನ ಕಣ್ಣಾರೆ ಕಂಡ.

ಮರುದಿನ ನಸುಕಿಗೆ ಖಾವೋ ಖೊ ಬೆಟ್ಟ ಹತ್ತಿದೆವು. ಇಂದು ಇಲ್ಲಿ ಮಂಜು ನೋಡಲು ಜನ ಬರುತ್ತಾರೆ, ಐದು ಬಿಳಿ ಬುದ್ಧರು ಒಬ್ಬರ ಹಿಂದೊಬ್ಬರು ಕೂತಿರುವ ದೇವಾಲಯ ಬಿಸಿಲಿಗೆ ಹೊಳೆಯುತ್ತದೆ. ಅವಳಿ ಸೋದರರು ಬೆಳೆಯುತ್ತಿದ್ದ ವರ್ಷಗಳಲ್ಲಿ ಇದೇ ಬೆಟ್ಟ ಕಮ್ಯುನಿಸ್ಟ್ ಗೆರಿಲ್ಲಾಗಳಿಗೂ ಸೇನೆಗೂ ನಡುವಿನ ರಣರಂಗ; ಮಡಿದವರ ಸ್ಮಾರಕ ನೆತ್ತಿಯ ಮೇಲಿದೆ. ಕೆಳಗೆ ಕಣಿವೆ ಉದ್ದಕ್ಕೆ ಮಲಗಿದೆ. 1975ರಲ್ಲಿ ತನ್ನ ಮೂರನೆಯ ವೃತ್ತಿಪರ ಪಂದ್ಯದಲ್ಲೇ ವಿಶ್ವಪಟ್ಟ ಗೆದ್ದು ಲೋಕವನ್ನು ಬೆರಗುಗೊಳಿಸಿದ ಸೇನ್‌ಸಕ್ ಮುವಾಂಗ್‌ಸುರಿನ್ ಹುಟ್ಟಿದ್ದೂ ಇದೇ ಪ್ರಾಂತ್ಯದಲ್ಲಿ. ಜೋಳ, ಕಬ್ಬು, ಹುಣಸೆ ಬೆಳೆಯುವ ಈ ನೆಲದಿಂದ ಮೂವರು ವಿಶ್ವ ಚಾಂಪಿಯನ್ನರು! ಜಾತ್ರೆಯ ಅಖಾಡ, ಗೆದ್ದರೆ ಸಿಗುವ ನಾಲ್ಕು ಕಾಸು, ಹೊಲದ ದುಡಿಮೆಯಲ್ಲಿ ಗಟ್ಟಿಯಾದ ಮೈ, ಪ್ರತಿಭೆ ಕಂಡೊಡನೆ ಕರೆದೊಯ್ಯುವ ಗರಡಿಗಳು. ಕಾರಣಗಳನ್ನು ಹೀಗೆ ಎಣಿಸಬಹುದು. ಎಣಿಸಿ ಮುಗಿಸಿದ ಮೇಲೂ ಬೆರಗು ಕರಗುವುದಿಲ್ಲ.

1991ರ ಡಿಸೆಂಬರ್ 21ರಂದು ಬ್ಯಾಂಕಾಕಿನಲ್ಲಿ ಮೆಕ್ಸಿಕೊದ ಅರ್ಮಾಂಡೊ ಕ್ಯಾಸ್ಟ್ರೊ ಎದುರು 12 ಸುತ್ತು ಆಡಿ, ಪಾಯಿಂಟುಗಳಲ್ಲಿ ಗೆದ್ದು, ಖಾವೋಸಾಯ್ ಚಾಂಪಿಯನ್ನಾಗಿಯೇ ನಿವೃತ್ತರಾದರು. ಮುಂದೆ ಸಿನಿಮಾ, ಧಾರಾವಾಹಿಗಳಲ್ಲಿ ನಟಿಸಿದರು. ಅವರು ಪಟ್ಟಕ್ಕಾಗಿ ಆಡಲು ಹೋಗದ ಅಮೆರಿಕವೇ 1999ರಲ್ಲಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರನ್ನು ಸೇರಿಸಿಕೊಂಡಿತು. ದೊಡ್ಡವರಾಗಲು ದೊಡ್ಡ ಊರಿಗೆ ಹೋಗಲೇಬೇಕು ಎಂಬ ನಂಬಿಕೆ ನಮ್ಮ ಕಾಲದ ಗಾಳಿಯಲ್ಲೇ ಇದೆ. ತನ್ನ ಕೆಲಸದಲ್ಲಿ ಒಬ್ಬ ಮನುಷ್ಯ ಅಷ್ಟು ಪರಿಪೂರ್ಣನಾದರೆ ದೊಡ್ಡ ಊರೇ ಅವನಿದ್ದಲ್ಲಿಗೆ ನಡೆದು ಬರುತ್ತದೆ ಎಂದು ಈ ಕಣಿವೆ ನನಗೆ ತೋರಿಸಿತು. ಬೆಂಗಳೂರಿನಿಂದ ಬ್ಯಾಂಕಾಕಿಗೆ ಈಗ ನೇರ ವಿಮಾನಗಳಿವೆ. ಕಡಲ ತೀರಕ್ಕೆಂದು ಹೋಗುವ ಕನ್ನಡಿಗರು ಒಮ್ಮೆ ಈ 21ನೇ ಹೆದ್ದಾರಿಯನ್ನೂ ಹಿಡಿಯಲಿ. ಸಿ ಥೆಪ್‌ನ ಗಣಗಳನ್ನು ಮಾತಾಡಿಸಿ, ವಿಚಿಯನ್ ಬುರಿಯಲ್ಲಿ ಉಂಡು, ಯಾರನ್ನಾದರೂ ಖಾವೋಸಾಯ್ ಬಗ್ಗೆ ಕೇಳಲಿ. ಉತ್ತರ ಹೇಳುವವರು ಮೊದಲು ಎಡಗೈ ಎತ್ತುತ್ತಾರೆ.