ತುತ್ತೂರಿಯ ಬಾಯಿಗೆ ಬೀಗವಿಲ್ಲ

ಲೈವ್ ಆಲ್ಬಂಗಳ ವಿಷಯದಲ್ಲಿ ನಾನು ಪಕ್ಷಪಾತಿ. ಸ್ಟುಡಿಯೋದಲ್ಲಿ ತಿದ್ದಿ ತೀಡಿದ ಸಂಗೀತಕ್ಕಿಂತ, ಯಾರೋ ಕೆಮ್ಮಿದ್ದು, ವಾದಕರು ಉಸಿರೆಳೆದದ್ದು, ಸ್ವರವೊಂದು ಅರ್ಧಕ್ಕೆ ಸೀಳಿದ್ದು ಎಲ್ಲ ಹಾಗೇ ಉಳಿದಿರುವ ಸಂಗೀತದ ಮೇಲೆ ನನಗೆ ಮೋಹ. ಕಚೇರಿ ಕೇಳಿ ಬೆಳೆದ ಕಿವಿಯ ಚಾಳಿ ಇದು ಅಂತ ಬೇಕಾದರೆ ಹೇಳಿ. ಮುಂದಿನ ಸಾಲಿನಲ್ಲಿ ಕೂತು 'ಭಲೇ' ಅನ್ನುವವರೇ ಇಲ್ಲದ ಕಚೇರಿ ಯಾರಿಗೆ ಬೇಕು?

ಈ ಮೋಹಕ್ಕೆ ಸದ್ಯ ಸಿಕ್ಕಿಬಿದ್ದಿರುವುದು ಜೇಮೀ ಬ್ರಾಂಚ್ ಎಂಬ ಅಮೆರಿಕದ ಟ್ರಂಪೆಟ್ ವಾದಕಿಯ 'ಫ್ಲೈ ಆರ್ ಡೈ ಲೈವ್'. 2020ರ ಜನವರಿ 23ರಂದು ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ, ಮೂಡ್ಸ್ ಎಂಬ ಕ್ಲಬ್ಬಿನಲ್ಲಿ ನುಡಿಸಿದ್ದು. ಕ್ಲಬ್ಬು ಇರುವುದು ಹಿಂದೊಮ್ಮೆ ಹಡಗು ಕಟ್ಟುತ್ತಿದ್ದ ಕಾರ್ಖಾನೆಯ ಕಟ್ಟಡದಲ್ಲಿ. ಎರಡೇ ತಿಂಗಳಲ್ಲಿ ಜಗತ್ತೆಲ್ಲ ಬಾಗಿಲು ಹಾಕಿಕೊಂಡಿತು. ಷಿಕಾಗೋದ ಇಂಟರ್‌ನ್ಯಾಷನಲ್ ಆಂಥೆಮ್ ಕಂಪನಿ ಇದನ್ನು ಹೊರತಂದಾಗ 2021ರ ಮೇ ತಿಂಗಳು. ಜನ ಮಾಸ್ಕ್ ಹಾಕಿಕೊಂಡು ಕೂತಿದ್ದ ಕಾಲಕ್ಕೆ, ಒಂದು ಕೋಣೆಯ ತುಂಬ ಮನುಷ್ಯರು ಒಟ್ಟಿಗೆ ಉಸಿರಾಡಿದ ದಾಖಲೆಯಾಗಿ ಬಂತು.

ಟ್ರಂಪೆಟ್ಟಿನ ಕಷ್ಟ ನುಡಿಸುವವರಿಗೇ ಗೊತ್ತು. ಒತ್ತಲು ಇರುವುದು ಮೂರೇ ಗುಂಡಿ. ಅವುಗಳನ್ನು ಹೇಗೆ ಹೊಂದಿಸಿ ಒತ್ತಿದರೂ ಕೊಳವೆಗೆ ಏಳೇ ಉದ್ದಗಳು. ಮಿಕ್ಕ ಸ್ವರಗಳನ್ನೆಲ್ಲ ತುಟಿಯ ಬಿಗಿಯಲ್ಲೇ ಹುಟ್ಟಿಸಬೇಕು. ತುಟಿ ಕೂದಲೆಳೆಯಷ್ಟು ಸಡಿಲವಾದರೆ ಸ್ವರ ಜಾರುತ್ತದೆ. ಉಳಿದವರು ಈ ಜಾರನ್ನು ಮುಚ್ಚಿಡಲು ವರ್ಷಗಟ್ಟಲೆ ಸಾಧನೆ ಮಾಡುತ್ತಾರೆ. ಬ್ರಾಂಚ್ ಅದನ್ನೇ ಬಂಡವಾಳ ಮಾಡಿಕೊಂಡರು. ಗುಂಡಿಯನ್ನು ಅರ್ಧ ಒತ್ತಿ ಸ್ವರವನ್ನು ಉಸಿರುಗಟ್ಟಿಸುವುದು, ಊದುತ್ತಲೇ ಗಂಟಲಲ್ಲಿ ಗುರುಗುಟ್ಟುವುದು, ಬರೀ ಗಾಳಿಯ ಸದ್ದನ್ನಷ್ಟೇ ಬಿಟ್ಟು ನಿಲ್ಲಿಸುವುದು. ಆಮೇಲೆ ಇದ್ದಕ್ಕಿದ್ದಂತೆ, ಬೋಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ಓದಿದವಳು ನಾನು ಎಂದು ನೆನಪಿಸುವಂತೆ, ನೆಟ್ಟನೆಯ ದುಂಡು ಸ್ವರ. ಹೆಂಗಸರಿಗೆ ಈ ವಾದ್ಯ ಒಗ್ಗದು ಎನ್ನುವ ಮಾತು ಜಾಜ್‌ನಲ್ಲೂ ಬಹಳ ಕಾಲ ಓಡಾಡಿದೆ. ವಲೈಡಾ ಸ್ನೋ, ಕ್ಲೋರಾ ಬ್ರಯಂಟ್ ಅಂಥವರು ಊದಿಯೇ ಉತ್ತರ ಕೊಟ್ಟಿದ್ದರು. ಬ್ರಾಂಚ್ ಊದಿದ್ದಲ್ಲದೆ ಬಾಯಿಬಿಟ್ಟು ಬೈದರು ಕೂಡ.

2017ರ ಮೊದಲ 'ಫ್ಲೈ ಆರ್ ಡೈ' ಆಲ್ಬಮ್ಮಿನಲ್ಲಿ ಆಕೆ ಹಾಡಿರಲಿಲ್ಲ. 2019ರ ಎರಡನೆಯದರಲ್ಲಿ ದನಿ ಕೇಳಿಸಿತು. ಅದರಲ್ಲಿದ್ದ 'ಪ್ರೇಯರ್ ಫಾರ್ ಅಮೆರಿಕ' ಜೂರಿಕ್ ಕಚೇರಿಯಲ್ಲಿ ಶುರುವಿಗೇ ಬರುತ್ತದೆ. ಹೆಸರಿನಲ್ಲಿ ಅಮೆರಿಕವನ್ನು ಮೂರು 'ಕೆ' ಹಾಕಿ ಬರೆದಿದ್ದಾರೆ. ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಜನಾಂಗದ್ವೇಷಿ ಸಂಘಟನೆಯನ್ನು ಬಲ್ಲವರಿಗೆ ಬೇರೆ ಹೇಳಬೇಕಿಲ್ಲ. ಹೆಜ್ಜೆ ಎಳೆದು ನಡೆಯುವ ಬ್ಲೂಸ್ ಗತಿ. ಅದರ ಮೇಲೆ ಆಕೆ ಹಾಡುವುದಕ್ಕಿಂತ ಹೆಚ್ಚಾಗಿ ಜಗಳಕ್ಕೆ ನಿಂತ ಹಾಗೆ ಮಾತಾಡುತ್ತಾರೆ: ಕಣ್ಣರಳಿಸಿಕೊಂಡೇ ಜನಾಂಗದ್ವೇಷ ಕಾರುವವರ ಬಗ್ಗೆ, ಆಶ್ರಯ ಬೇಡಿ ಬಂದು ಗಡಿಯಲ್ಲಿ ಸಿಕ್ಕಿಕೊಂಡವರ ಬಗ್ಗೆ. ಎರಡನೇ ಭಾಗಕ್ಕೆ ಬರುವಾಗ ಟ್ರಂಪೆಟ್ ಮೆಕ್ಸಿಕೋದ ಮರಿಯಾಚಿ ಮೇಳದ ಧಾಟಿ ಹಿಡಿಯುತ್ತದೆ. ನನಗೆ ಇಡೀ ಆಲ್ಬಮ್ಮಿನಲ್ಲಿ ಹೆಚ್ಚು ಹಿಡಿಸಿದ್ದು ಈ ತಿರುವು. ಭಾಷಣ ಎಲ್ಲಿ ಸಾಕು, ಸ್ವರ ಎಲ್ಲಿ ಬೇಕು ಎಂಬುದು ಆಕೆಗೆ ಗೊತ್ತಿತ್ತು. ಘೋಷಣೆ ಕೂಗುವ ಕಲಾವಿದರಿಗೆ ಕೊರತೆಯಿಲ್ಲ. ಘೋಷಣೆಯ ಭಾರವನ್ನು ಉಸಿರಿನ ಮೇಲೆ ಹೊರಿಸಬಲ್ಲವರು ಕಡಿಮೆ.

ಜೊತೆಯಲ್ಲಿರುವವರು ಮೂವರೇ. ಡ್ರಮ್ಸ್‌ಗೆ ಚಾಡ್ ಟೇಲರ್, ಡಬಲ್ ಬಾಸ್‌ಗೆ ಜೇಸನ್ ಅಜೇಮಿಯನ್, ಚೆಲ್ಲೋಗೆ ಲೆಸ್ಟರ್ ಸೇಂಟ್ ಲೂಯಿಸ್. ಪಿಯಾನೋ ಇಲ್ಲ, ಗಿಟಾರ್ ಇಲ್ಲ. ಇರುವ ಎರಡು ತಂತಿವಾದ್ಯಗಳೂ ಕೆಳಸ್ಥಾಯಿಯವು. ಗಜಿಬಿಜಿ ಆಗಬೇಕಿತ್ತು, ಆಗುವುದಿಲ್ಲ. 'ಥೀಮ್ 001'ರಲ್ಲಿ ಕಮಾನು ಬದಿಗಿಟ್ಟು ಬೆರಳಲ್ಲಿ ಮೀಟುವ ಚೆಲ್ಲೋ, ಅದರ ಪಕ್ಕದಲ್ಲಿ ಬಾಸ್: ಒಂದೇ ಒರಳಿಗೆ ಇಬ್ಬರು ಒನಕೆ ಹಾಕಿದ ಹಾಗೆ, ಒಂದು ಏಳುವಾಗ ಇನ್ನೊಂದು ಬೀಳುತ್ತದೆ, ತಾಗುವುದಿಲ್ಲ. ಟೇಲರ್ ಆ ಸಂದುಗಳನ್ನೆಲ್ಲ ತಾಳದಿಂದ ತುಂಬುತ್ತಾರೆ. ಒಂದು ರಚನೆ ಮುಗಿಯುವ ಮೊದಲೇ ಇನ್ನೊಂದು ಕಣ್ಣು ಬಿಟ್ಟಿರುತ್ತದೆ. 'ನ್ಯೂವೋ ರೊಕೇರೊ ಎಸ್ಟೇರಿಯೊ' ಬರುವ ಹೊತ್ತಿಗೆ ಕುರ್ಚಿಯಲ್ಲಿ ಕೂರುವುದು ಕಷ್ಟ. ನಡುವೆ ಕೆಲವು ಪುಟಾಣಿ ರಚನೆಗಳು ಸ್ವಲ್ಪ ಅಲೆದಾಡುತ್ತವೆ, ಒಪ್ಪುತ್ತೇನೆ. ರಸಿಕರು ಅಷ್ಟು ಕ್ಷಮಿಸಬೇಕು.

'ಲವ್ ಸಾಂಗ್' ಎಂಬುದೊಂದಿದೆ. ಪ್ರೇಮಗೀತೆ ಎಂದುಕೊಂಡು ಮೆತ್ತಗಾಗಬೇಡಿ. ಅದು ಅಯೋಗ್ಯರಿಗೂ ಕೋಡಂಗಿಗಳಿಗೂ ಅರ್ಪಿಸಿದ ಹಾಡು. ಅರ್ಪಣೆಯಲ್ಲಿ ಬಳಸಿದ ಮೂಲ ಪದವನ್ನು ಈ ಪತ್ರಿಕೆಯಲ್ಲಿ ಅಚ್ಚು ಮಾಡಲಾರರು.

ಜೇಮೀ ಬ್ರಾಂಚ್ ತೀರಿಕೊಂಡದ್ದು 2022ರ ಆಗಸ್ಟ್ 22ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, 39ರ ವಯಸ್ಸಿನಲ್ಲಿ. 'ಫ್ಲೈ ಆರ್ ಡೈ' ಸರಣಿಯ ಮೂರನೇ ಸ್ಟುಡಿಯೋ ಆಲ್ಬಂ ಮರುವರ್ಷ ಬಂತು, ಅದೂ ಚೆನ್ನಾಗಿದೆ. ಆದರೆ ಹೊಸಬರು ಜೂರಿಕ್‌ನಿಂದಲೇ ಶುರುಮಾಡಲಿ. ಜಾಜ್ ಗೊತ್ತಿಲ್ಲ ಎಂಬ ಸಂಕೋಚ ಬೇಡ, ಜಗಳ ಗೊತ್ತಿದ್ದರೆ ಸಾಕು. ಒಂದೇ ಕೋರಿಕೆ: ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಹಾಕಬೇಡಿ. ಬಾಸೂ ಚೆಲ್ಲೋವೂ ಕೇಳಿಸದಿದ್ದರೆ ಅರ್ಧ ಕಚೇರಿ ತಪ್ಪಿಹೋದಂತೆ.