ಉಳದ ಹೊಲಕ್ಕೆ ಗೇಣಿ

ಉತ್ತು ಬೆಳೆದ ಹೊಲಕ್ಕೆ ಗೇಣಿ ತೆರುವುದು ಲೋಕರೂಢಿ. ಉಳದೆ ಬಿಟ್ಟ ಹೊಲಕ್ಕೆ ಸರಕಾರದವರೇ ಗೇಣಿ ತೆರುವರೆಂದರೆ ಕೇಳಿದವರು ನಕ್ಕಾರು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 1985ನೆಯ ಇಸವಿಯ ಶಾಸನದಿಂದ ಇಂತಹ ಏರ್ಪಾಡೊಂದು ಮೊದಲಾಯಿತು. ಅದರ ಮರ್ಮವನ್ನರಿಯಲು ಕೊಲರಾಡೋ ಸಂಸ್ಥಾನದ ಆಗ್ನೇಯ ಮೂಲೆಯಲ್ಲಿರುವ ಬಾಕಾ ಕೌಂಟಿಯ ಪೂರ್ವವೃತ್ತಾಂತವನ್ನು ನೋಡಬೇಕು. ಕೌಂಟಿಯೆಂದರೆ ಜಿಲ್ಲೆಯಂತಹ ಒಂದು ಆಡಳಿತವಿಭಾಗ.

ಅದು ಮಳೆ ಕಡಮೆಯಾದ, ಗಾಳಿ ಬಲವಾದ ಬಯಲುಸೀಮೆ. ಗಿಡ್ಡ ಹುಲ್ಲೊಂದೇ ತನ್ನ ಬೇರುಗಳ ಹೆಣಿಗೆಯಿಂದ ಅಲ್ಲಿನ ಮಣ್ಣನ್ನು ಹಿಡಿದು ನಿಲ್ಲಿಸಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಗೋದಿಯ ಧಾರಣೆ ಏರಲು, ಜನರು ಆ ಹುಲ್ಲನ್ನು ಉತ್ತುಹಾಕಿದರು. ಯುದ್ಧಾನಂತರ ಧಾರಣೆ ಇಳಿಯಿತು. ನಷ್ಟವನ್ನು ತುಂಬಿಕೊಳ್ಳಲು ಮತ್ತಷ್ಟು ಉತ್ತರು. ಆಮೇಲೆ ಮಳೆಯೂ ಕೈಕೊಟ್ಟಿತು. 1935ನೆಯ ಏಪ್ರಿಲ್ 14, ಭಾನುವಾರ, ಕಪ್ಪು ಧೂಳಿಯ ಗೋಡೆಯೊಂದು ಆ ಬಯಲಿನ ಮೇಲೆ ಹಾಯ್ದು ಹಗಲನ್ನೇ ಇರುಳಾಗಿಸಿತು. ಅದೇ ತಿಂಗಳ 27ರಂದು ಭೂಸಂರಕ್ಷಣೆಯ ಶಾಸನವಾಗಿ, ಹ್ಯೂ ಹ್ಯಾಮಂಡ್ ಬೆನೆಟ್ ಎಂಬವರು ಹೊಸ ಇಲಾಖೆಗೆ ಮುಖ್ಯಸ್ಥರಾದರು. ಬಾಕಾದಲ್ಲಿ ಹಾಳುಬಿದ್ದ ಅನೇಕ ಹೊಲಗಳನ್ನು ಸರಕಾರವು ಕ್ರಯಕ್ಕೆ ಕೊಂಡಿತು. ಇಂದು ಅವು ಕೊಮಾಂಚಿ ರಾಷ್ಟ್ರೀಯ ಹುಲ್ಲುಗಾವಲಿನೊಳಗಿವೆ.

ಕೊಂಡ ನೆಲದ ಮಾತು ಹಾಗಾಯಿತು. 1985ರ ಏರ್ಪಾಡಿನಲ್ಲಾದರೋ ನೆಲವು ರೈತನದಾಗಿಯೇ ಉಳಿಯುತ್ತದೆ. ಅವನು 10ರಿಂದ 15 ವರ್ಷಗಳಿಗೆ ಕರಾರು ಬರೆದುಕೊಟ್ಟು, ಸವೆಯುವ ಹೊಲದಲ್ಲಿ ಹುಲ್ಲನ್ನೋ ಮರಗಳನ್ನೋ ಬೆಳೆಸುತ್ತಾನೆ. ಆ ವೆಚ್ಚದ ಸುಮಾರು ಅರ್ಧವನ್ನು ಸರಕಾರವು ವಹಿಸಿ, ಎಕರೆಗೆ ಇಷ್ಟೆಂದು ವರ್ಷವರ್ಷವೂ ಗೇಣಿ ಕೊಡುತ್ತದೆ. ನಿಷೇಧವನ್ನು ಪಾಲಿಸಿದವನಿಗೆ ಮೀಮಾಂಸಕರು ಬೇರೆ ಫಲವನ್ನು ಹೇಳುವುದಿಲ್ಲ; ಅನರ್ಥ ತಪ್ಪಿತೆಂಬುದೇ ಅವನ ಲಾಭ. ಅಮೆರಿಕದ ಶಾಸನಕಾರರು ನಿಷೇಧಕ್ಕೂ ದಕ್ಷಿಣೆಯನ್ನಿಟ್ಟರು!

ಸುಮ್ಮನೆ ಕುಳಿತವನಿಗೆ ಸಂಬಳವೇ ಎಂಬ ಆಕ್ಷೇಪವು ಹಳೆಯದು, ಅಷ್ಟೇನೂ ಗಟ್ಟಿಯಾದುದಲ್ಲ. ಹುಲ್ಲು ಬೇರೂರುವಂತೆ ನೋಡಿಕೊಂಡು ಕಳೆ ತೆಗೆಯುವವನು ಸುಮ್ಮನೆ ಕುಳಿತವನಲ್ಲ. ಅವನ ಹೊಲದ ಧೂಳಿ ನೆರೆಯವನ ಮನೆಗೆ ನುಗ್ಗದಿರುವುದೂ ಒಂದು ಫಸಲೇ. ಗಟ್ಟಿಯಾದ ಆಕ್ಷೇಪವು ಪೇಟೆಯದು. ಹೊಲ ಉಳದಿದ್ದರೆ ಬೀಜ ಗೊಬ್ಬರಗಳನ್ನು ಕೊಳ್ಳುವವರಾರು? ಯಂತ್ರ ರಿಪೇರಿಯವನು ಯಾರ ಬಾಗಿಲನ್ನು ಕಾಯಬೇಕು? ಗೇಣಿಗೆ ಉಳುವವನಿಗೂ ಸಾಗುವಳಿಯ ನೆಲ ಕಿರಿದಾಗುತ್ತದೆ. ಆದುದರಿಂದಲೇ ಒಂದು ಕೌಂಟಿಯ ಸಾಗುವಳಿ ಭೂಮಿಯಲ್ಲಿ ಸಾಮಾನ್ಯವಾಗಿ ಕಾಲುಭಾಗವನ್ನು ಮೀರಿ ಕರಾರಿಗೆ ತೆಗೆದುಕೊಳ್ಳಬಾರದೆಂದು ವಿಧಿಸಿದರು. ಇದು ವಿವೇಕದ ಮಾತು.

ನಿಜವಾದ ದೌರ್ಬಲ್ಯವಿರುವುದು ಬೇರೆ ಕಡೆಯಲ್ಲಿ. ಸರಕಾರವು ಕೊಂಡದ್ದು ಕಾಲವನ್ನು, ನೆಲವನ್ನಲ್ಲ. 1956ರಲ್ಲಿಯೂ 'ಮಣ್ಣಿನ ಬ್ಯಾಂಕು' ಎಂಬ ಹೆಸರಿನಿಂದ ಇದೇ ಬಗೆಯ ಕರಾರುಗಳಾಗಿದ್ದವು. ಅವು ತೀರಿದ ಬಳಿಕ, 1970ರ ದಶಕದಲ್ಲಿ ಧಾನ್ಯದ ಬೆಲೆ ಜಿಗಿಯಲು, ನೇಗಿಲುಗಳು ಹುಲ್ಲಿನ ಮೇಲೆ ಮರಳಿ ಹರಿದವು. ಹೊಸ ಏರ್ಪಾಡಿನಲ್ಲಿ ದೇಶದಾದ್ಯಂತ 2007ರಲ್ಲಿ 3 ಕೋಟಿ 68 ಲಕ್ಷ ಎಕರೆಗಳಷ್ಟು ನೆಲವಿತ್ತು. ಬೆಲೆಗಳು ಮತ್ತೆ ಏರಿದವು. ಕರಾರು ಮುಗಿದ ಹೊಲಗಳು ಒಂದೊಂದಾಗಿ ಹೊರಬಂದವು. ಖರ್ಚನ್ನು ತಗ್ಗಿಸಬೇಕೆಂದು ಶಾಸನಸಭೆಯವರೂ 2014ರಲ್ಲಿ, ಮುಂದೆ 2 ಕೋಟಿ 40 ಲಕ್ಷ ಎಕರೆಗಳಿಗೆ ಮಿತಿಯನ್ನಿಳಿಸುವಂತೆ ವಿಧಿಸಿದರು. ಹತ್ತು ವರ್ಷದ ಹುಲ್ಲನ್ನು ಮಗುಚಲು ಟ್ರಾಕ್ಟರಿಗೆ ಒಂದೆರಡು ದಿನಗಳು ಸಾಕು.

ಕರಾರು ತೀರುವ ವರ್ಷದಲ್ಲಿ ಮುದುಕನಾದ ರೈತನೊಬ್ಬನು ಕಾಗದವನ್ನು ಮುಂದಿಟ್ಟುಕೊಂಡು ಲೆಕ್ಕಹಾಕುವುದನ್ನು ಊಹಿಸಬಹುದು. ಗೇಣಿಯ ದರವು ಕಾಗದದಲ್ಲಿದೆ. ಗೋದಿಯ ಧಾರಣೆಯನ್ನು ರೇಡಿಯೋ ಹೇಳುತ್ತಿದೆ. ತಂದೆಯ ಕಾಲದ ಧೂಳಿಯ ಕಥೆಯನ್ನು ಅವನು ಕೇಳಿಬಲ್ಲ. ಹೊಲವನ್ನು ಗೇಣಿಗೆ ಬೇಡುತ್ತಿರುವ ಪಕ್ಕದ ಹೊಲದ ತರುಣನು ಅದನ್ನು ಕೇಳಿಲ್ಲ. ಕಿಟಕಿಯಾಚೆ ಎದೆಯುದ್ದದ ಹುಲ್ಲು ಗಾಳಿಗೆ ಬಾಗುತ್ತಿದೆ, ಮಣ್ಣು ಮಾತ್ರ ಏಳುತ್ತಿಲ್ಲ.