ಟವೆಲಿಗೂ ಬೇಕು ಬಿಸಿನೀರಿನ ಸ್ನಾನ

ಮನೆಯ ಬಟ್ಟೆಗಳಲ್ಲಿ ಬಹುಬೇಗ ಮುಗ್ಗಲು ವಾಸನೆ ಹಿಡಿಯುವುದು ಟವೆಲು. ಮೈ ತೊಳೆದುಕೊಂಡ ಮೇಲೆ ಮುಟ್ಟುವ ಬಟ್ಟೆ, ಅದಕ್ಕೇನು ಕೊಳೆ ಎಂದುಕೊಳ್ಳುತ್ತೇವೆ. ಅಂಗಿಯನ್ನು ದಿನಕ್ಕೊಂದು ಬದಲಿಸುವ ಮನೆಯಲ್ಲೂ ಟವೆಲು ವಾರಗಟ್ಟಲೆ ಬಚ್ಚಲು ಬಾಗಿಲಿನ ಹಿಂದಿನ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ಆದರೆ ಸ್ನಾನವಾದ ಮೇಲೂ ಮೈಯಲ್ಲಿ ಜಿಡ್ಡು, ಸತ್ತ ಚರ್ಮದ ಹೊಟ್ಟು, ಸರಿಯಾಗಿ ಹೋಗದ ಸೋಪು ಉಳಿದಿರುತ್ತವೆ. ಉಜ್ಜಿ ಒರೆಸಿಕೊಂಡಾಗ ಅಷ್ಟೂ ಟವೆಲಿಗೆ ದಾಟುತ್ತದೆ. ಜೊತೆಗೆ ತೇವ ಇದ್ದೇ ಇದೆ. ಸೂಕ್ಷ್ಮಜೀವಿಗಳಿಗೆ ಇದಕ್ಕಿಂತ ಒಳ್ಳೆಯ ಬಿಡಾರ ಮನೆಯೊಳಗೆ ಸಿಗುವುದು ಕಷ್ಟ.

ನಮ್ಮ ಹಿರಿಯರಿಗೆ ಈ ತೊಂದರೆ ಇಷ್ಟಿರಲಿಲ್ಲ. ಕರಾವಳಿಯ ಬೈರಾಸಾಗಲಿ, ತೆಳ್ಳನೆಯ ಪಾಣಿಪಂಚೆಯಾಗಲಿ, ಹಿಂಡಿ ಕೊಡವಿ ತಂತಿಗೆ ಹಾಕಿದರೆ ಊಟ ಮುಗಿಯುವಷ್ಟರಲ್ಲಿ ಒಣಗುತ್ತಿತ್ತು. ಈಗ ನಾವು ಬಳಸುವುದು ಮೈತುಂಬ ನೂಲಿನ ಕುಣಿಕೆಗಳಿರುವ ದಪ್ಪ ಟವೆಲು. ಟರ್ಕಿಯ ಬುರ್ಸಾ ನಗರದ ನೇಕಾರರ ಕೈಚಳಕವನ್ನು ಕಂಡು ಬಂದ ಇಂಗ್ಲೆಂಡಿನ ಕ್ರಿಸ್ಟಿ ಕುಟುಂಬ ಅದನ್ನು ಯಂತ್ರದಲ್ಲಿ ನೇಯಿಸಿ 1851ರ ಲಂಡನ್ ಮಹಾಪ್ರದರ್ಶನದಲ್ಲಿಟ್ಟಿತು. ನಮ್ಮಲ್ಲಿ ಆ ಬಗೆಯ ಟವೆಲಿಗೆ ಹೆಸರಾದದ್ದು ಸೊಲ್ಲಾಪುರ. ಆ ಕುಣಿಕೆಗಳಿಂದಲೇ ಟವೆಲು ಅಷ್ಟು ನೀರು ಹೀರುವುದು, ಆ ಕುಣಿಕೆಗಳೊಳಗೇ ಜಿಡ್ಡು ಕೂರುವುದು, ಅವುಗಳಿಂದಾಗಿಯೇ ಒಣಗಲು ಹೊತ್ತು ಹಿಡಿಯುವುದು. ಮಳೆಗಾಲದ ತೀರ್ಥಹಳ್ಳಿಯಲ್ಲೋ ಕುಂದಾಪುರದಲ್ಲೋ ದಪ್ಪ ಟವೆಲನ್ನು ಒಣಗಿಸಲು ಪಾಡುಪಟ್ಟವರಿಗೆ ಇದನ್ನು ವಿವರಿಸಬೇಕಿಲ್ಲ.

ಒದ್ದೆ ಟವೆಲಿನ ಆ ಕೆಟ್ಟ ವಾಸನೆಯ ಮೂಲವನ್ನು ಜಪಾನಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ಮೊರಾಕ್ಸೆಲ್ಲಾ ಓಸ್ಲೊಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಬಟ್ಟೆಯ ಜಿಡ್ಡಿನಿಂದ ಒಂದು ಬಗೆಯ ಆಮ್ಲವನ್ನು ಹುಟ್ಟಿಸುತ್ತದೆ, ನಮ್ಮ ಮೂಗಿಗೆ ಹೊಡೆಯುವುದು ಅದೇ. ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಮುಂದಿನದು: ಈ ಜೀವಿ ಒಣಗಿದರೂ ಬೇಗ ಸಾಯುವುದಿಲ್ಲ, ಬಿಸಿಲಿನಲ್ಲಿರುವ ಅತಿನೇರಳೆ ಕಿರಣವನ್ನೂ ಸಾಕಷ್ಟು ತಾಳಿಕೊಳ್ಳುತ್ತದೆ. ತಣ್ಣೀರಿನಲ್ಲಿ ಒಗೆದು, ಮಹಡಿಯ ಮೇಲೆ ರಣಬಿಸಿಲಿಗೆ ಹಾಕಿ, ಗರಿಗರಿಯಾಗಿ ಮಡಿಚಿಟ್ಟ ಟವೆಲು ಮೊದಲ ದಿನ ಒದ್ದೆಯಾದ ಕೂಡಲೇ ನಾರುವುದು ಇದರಿಂದ. ಬಿಸಿಲು ಬೇಕು, ಆದರೆ ಬಿಸಿಲೊಂದೇ ಸಾಲದು. ನೀರಿಗೂ ಬಿಸಿ ಬೇಕು.

ಎಷ್ಟು ಬಿಸಿ? ಬೆಂಗಳೂರಿನ ನಲ್ಲಿಯ ನೀರು ಸುಮಾರು 25 ಡಿಗ್ರಿ ಎನ್ನೋಣ. ಬೆವರು, ಧೂಳು ಅದರಲ್ಲೇ ಹೋಗುತ್ತವೆ. ಮೈಜಿಡ್ಡು ಮಾತ್ರ ಹೋಗುವುದಿಲ್ಲ, ಅದು ಮೆತ್ತಗಾಗಿ ಸಡಿಲಬೇಕಾದರೆ ಮೈಯ ಶಾಖವನ್ನಾದರೂ ಮೀರಬೇಕು. 40 ಡಿಗ್ರಿಯಲ್ಲಿ ಜಿಡ್ಡು ಬಿಡುತ್ತದೆ, ಪುಡಿಯಲ್ಲಿರುವ ಕಿಣ್ವಗಳೂ ಚುರುಕಾಗಿ ಕೆಲಸ ಮಾಡುತ್ತವೆ, ಬಣ್ಣವೂ ಹೆಚ್ಚು ಹೋಗುವುದಿಲ್ಲ. ಆರೋಗ್ಯವಾಗಿರುವವರ ದಿನಬಳಕೆಯ ಟವೆಲಿಗೆ ನನ್ನ ಆಯ್ಕೆ ಇದೇ. 60 ಡಿಗ್ರಿಯಲ್ಲಿ ಆಗುವ ಕೆಲಸ ಬೇರೆ ಜಾತಿಯದು: ಅಲ್ಲಿ ಕೊಳೆ ಹೋಗುವುದರ ಜೊತೆಗೆ ಬಹುಪಾಲು ರೋಗಾಣುಗಳೂ ಸಾಯುತ್ತವೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಬಟ್ಟೆ ಒಗೆಯುವಾಗ 65 ಡಿಗ್ರಿಯಲ್ಲಿ ಹತ್ತು ನಿಮಿಷ ಅಥವಾ 71 ಡಿಗ್ರಿಯಲ್ಲಿ ಮೂರು ನಿಮಿಷ ಇರಬೇಕೆಂಬ ಕಟ್ಟಳೆಯಿದೆ. ಬಿಸಿ ಕಡಿಮೆಯಾದರೆ ಹೊತ್ತು ಹೆಚ್ಚಾಗಬೇಕು ಎಂಬ ಲೆಕ್ಕ ಅದರಲ್ಲೇ ಇದೆ. ರಕ್ತದ ಕಲೆಯಿದ್ದರೆ ಮಾತ್ರ ಮೊದಲು ತಣ್ಣೀರು. ಬಿಸಿನೀರು ತಾಗಿದರೆ ಕಲೆ ಬೆಂದು ನೂಲಿಗೆ ಕಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ಹೇಳುವುದು ಬರೀ ವಾಸನೆಗಾಗಿ ಅಲ್ಲ. ನನ್ನ ಮನಸ್ಸಿನಲ್ಲಿರುವುದು ಹುಳುಕಡ್ಡಿ. ತೊಡೆಸಂದಿನಲ್ಲಿ, ಸೊಂಟದ ಸುತ್ತ ಕೆಂಪು ಬಳೆಯಂತೆ ಹಬ್ಬುವ ಈ ಕಜ್ಜಿ ಇತ್ತೀಚಿನ ವರ್ಷಗಳಲ್ಲಿ ದೇಶದ ಉದ್ದಗಲಕ್ಕೂ ಹಟ ಹಿಡಿದು ಕೂತಿದೆ. ಇದನ್ನು ಹಬ್ಬಿಸುವ, 2020ರಲ್ಲಿ ಗುರುತಿಸಿದ ಒಂದು ಶಿಲೀಂಧ್ರಕ್ಕೆ ವಿಜ್ಞಾನಿಗಳು ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಭಾರತದ ಹೆಸರನ್ನೇ ಸೇರಿಸಿ ಕರೆದಿದ್ದಾರೆ. ಟರ್ಬಿನಾಫಿನ್ ಎಂಬ ಸಾಮಾನ್ಯ ಔಷಧಕ್ಕೆ ಅದರ ಅನೇಕ ತಳಿಗಳು ಬಗ್ಗುವುದಿಲ್ಲ. ಔಷಧದ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ಕಜ್ಜಿಯನ್ನು ಇನ್ನಷ್ಟು ಕೆಡಿಸುತ್ತದೆ. ವೈದ್ಯರು ಕೊಟ್ಟ ಮಾತ್ರೆಯನ್ನು ತಪ್ಪದೆ ನುಂಗುತ್ತಾರೆ, ಮುಲಾಮು ಹಚ್ಚುತ್ತಾರೆ, ಆದರೆ ಒರೆಸಿಕೊಳ್ಳುವುದು ಅದೇ ಟವೆಲಿನಲ್ಲಿ. ಅದೇ ಟವೆಲನ್ನು ಅಣ್ಣನೂ ತಮ್ಮನೂ ಬಳಸುತ್ತಾರೆ. ಹಾಸ್ಟೆಲಿನಲ್ಲಾದರೆ ಪಕ್ಕದ ಹಾಸಿಗೆಯವನೂ ಬಳಸುತ್ತಾನೆ. 30 ಡಿಗ್ರಿಯಲ್ಲಿ ಒಗೆದ ಬಟ್ಟೆಯಲ್ಲಿ ಇಂಥ ಶಿಲೀಂಧ್ರ ಬದುಕಿ ಉಳಿಯುತ್ತದೆ, ಒಟ್ಟಿಗೆ ಒಗೆದ ಇನ್ನೊಂದು ಬಟ್ಟೆಗೂ ದಾಟಬಲ್ಲದು. 60 ಡಿಗ್ರಿಯಲ್ಲಿ ಸಾಯುತ್ತದೆ. ತಿಂಗಳುಗಟ್ಟಲೆ ಔಷಧಿಗೆ ದುಡ್ಡು ಸುರಿಯುವ ಮನೆಗಳಲ್ಲಿ ಈ ಒಂದು ಮಾತು ಗೊತ್ತಿಲ್ಲವಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಗೊತ್ತಿರಲೇ ಇಲ್ಲ ಎಂದಲ್ಲ. ಮಡಿವಾಳರು ಚೌಳು ಮಣ್ಣಿನ ನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿ, ಆಮೇಲೆ ಹೊಳೆಗೆ ಒಯ್ಯುತ್ತಿದ್ದರು. ಬಾಣಂತಿಯ ಬಟ್ಟೆ, ಕಾಯಿಲೆಯವರ ಬಟ್ಟೆ ಹಾಗೆ ಬೇಯದೆ ಮನೆಗೆ ಮರಳುತ್ತಿರಲಿಲ್ಲ. ಅಷ್ಟು ಶಾಖದಲ್ಲಿ ಏನು ಉಳಿದೀತು? ಹಂಡೆಯ ಒಲೆಯಿದ್ದ ಮನೆಗಳಲ್ಲಿ ಎಲ್ಲರ ಸ್ನಾನ ಮುಗಿದ ಮೇಲೆ ಉಳಿದ ಸುಡುನೀರು ಬಟ್ಟೆ ನೆನೆಹಾಕಲು ಒದಗುತ್ತಿತ್ತು. ಹಂಡೆ ಹೋಯಿತು, ಉಬ್ಬೆ ಹೋಯಿತು, ಒಗೆಯುವ ಯಂತ್ರ ಬಂತು. ನಮ್ಮಲ್ಲಿ ಹೆಚ್ಚಾಗಿ ಮಾರಾಟವಾಗುವ, ಮೇಲಿಂದ ಬಟ್ಟೆ ಹಾಕುವ ಯಂತ್ರಗಳಲ್ಲಿ ಬಹಳಷ್ಟಕ್ಕೆ ನೀರು ಕಾಯಿಸುವ ವ್ಯವಸ್ಥೆಯೇ ಇಲ್ಲ.

ಇಲ್ಲದವರು ಬಕೆಟ್ಟಿನಲ್ಲೇ ಮಾಡಿಕೊಳ್ಳಬಹುದು. ಮೊದಲು ಎರಡು ಪಾಲು ನಲ್ಲಿ ನೀರು, ಅದಕ್ಕೆ ಮೂರು ಪಾಲು ಕುದಿಯುವ ನೀರು. ಬಕೆಟ್ಟೂ ಬಟ್ಟೆಯೂ ಸ್ವಲ್ಪ ಶಾಖ ಹೀರಿಕೊಂಡ ಮೇಲೂ 60ರ ಆಸುಪಾಸು ಉಳಿಯುತ್ತದೆ. ಪುಡಿ ಕದಡಿ, ಟವೆಲನ್ನು ಕೋಲಿನಿಂದ ಮುಳುಗಿಸಿ, ತಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟು ಆಮೇಲೆ ಎಂದಿನಂತೆ ಒಗೆಯಿರಿ. ಮಕ್ಕಳಿರುವ ಮನೆಯಾದರೆ ಬಚ್ಚಲು ಬಾಗಿಲು ಹಾಕಿರಲಿ, 60 ಡಿಗ್ರಿಯ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮವನ್ನು ಸುಡುತ್ತದೆ. ಮುಂದಿನಿಂದ ಬಟ್ಟೆ ಹಾಕುವ ಯಂತ್ರವಿದ್ದವರು ಕಾಟನ್ ಗುರುತಿಗೆ ತಿರುಗಿಸಿ 60 ಒತ್ತಿದರೆ ಮುಗಿಯಿತು. ಹದಿನೈದು ಲೀಟರ್ ನೀರನ್ನು 25ರಿಂದ 60ಕ್ಕೆ ಏರಿಸಲು ಸುಮಾರು 0.6 ಯೂನಿಟ್ ಕರೆಂಟು ಬೇಕು, 40ಕ್ಕಾದರೆ ಕಾಲು ಯೂನಿಟ್ ಸಾಕು. ಹಾಗಾಗಿ ಪ್ರತಿ ಸಲವೂ 60 ಬೇಡ. ಬಣ್ಣದ ಟವೆಲನ್ನು ಮೊದಲ ಸಲ ಬೇರೆಯಾಗಿಯೇ ಹಾಕಿ. ಬೋರ್‌ವೆಲ್ಲಿನ ಗಡಸು ನೀರಿನವರು ಸೋಪಿನ ಬಿಲ್ಲೆ ಬಿಟ್ಟು ಡಿಟರ್ಜೆಂಟ್ ಪುಡಿ ಬಳಸುವುದು ಲೇಸು, ಸೋಪು ಸುಣ್ಣದಂಶದೊಡನೆ ಸೇರಿ ಕುಣಿಕೆಗಳಲ್ಲಿ ಗಸಿಯಾಗಿ ನಿಲ್ಲುತ್ತದೆ. ಬಟ್ಟೆ ಮೃದುವಾಗಲೆಂದು ಕೊನೆಗೆ ಹಾಕುವ ಪರಿಮಳದ ದ್ರವವನ್ನು ಟವೆಲಿಗೆ ಹಾಕಲೇಬೇಡಿ. ಅದು ನೂಲಿನ ಮೇಲೆ ಪದರ ಕಟ್ಟಿ, ನೀರು ಹೀರುವ ಗುಣವನ್ನು ಕುಂದಿಸುತ್ತದೆ.

ಒಗೆದ ಟವೆಲನ್ನು ಯಂತ್ರದೊಳಗೆ ರಾತ್ರಿಯಿಡೀ ಬಿಟ್ಟರೆ ಕಾಯಿಸಿದ್ದೆಲ್ಲ ವ್ಯರ್ಥ. ಕೂಡಲೇ ತೆಗೆದು, ಕೊಡವಿ, ಗಾಳಿಗೆ ಹರವಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹುಳುಕಡ್ಡಿಯಿದ್ದರೆ ಇವತ್ತೇ ಅವರಿಗೆ ಬೇರೆ ಟವೆಲು ಕೊಡಿ. ವೈದ್ಯರು ಹೇಳಿದಷ್ಟು ದಿನ ಔಷಧಿ ನಡೆಯಲಿ, ಅಷ್ಟೂ ದಿನ ಆ ಟವೆಲನ್ನು, ಒಳಉಡುಪನ್ನು, ಹಾಸಿಗೆಯ ಬಟ್ಟೆಯನ್ನು 60 ಡಿಗ್ರಿಯಲ್ಲೇ ಒಗೆಯಿರಿ.